ಒಂದೇ ಹೆಸರಿನ ಎರಡು ಸೀಸೆ

...ಅದಕ್ಕೇ ಹೇಳಿದ್ದು ಬಲಗೈನೇ ನೋಡು ಅಂತ. ಎಡಗೈ ನರ ಥೇಟ್ ನನ್ನ ಹಾಗೇ, ಕರೆದಾಗ ಬರಲ್ಲ, ಒಳಗೆ ಹೋಗಿ ಕೂತುಬಿಡುತ್ತೆ. ಹ್ಞಾಂ, ಪಟ್ಟಿ ಬಿಗಿಯಾಗೇ ಕಟ್ಟು, ಪರವಾಗಿಲ್ಲ. ಮುಷ್ಟಿನಾ? ಹಿಡಿದೆ ನೋಡು. ...ಯಾಕೆ ನಗ್ತೀಯ? ಓಹೋ, ಕನ್ನಡಕ! ನಗು, ನಗು. ಇಡೀ ಲ್ಯಾಬು ನಕ್ಕು ಮುಗಿಸಿದೆ, ನಿನ್ನದೊಂದು ಬಾಕಿ ಇತ್ತು. ನಿಮ್ಮತ್ತಿಗೆಯಂತೂ, ಇದನ್ನ ಹಾಕ್ಕೊಂಡು ಮನೆಗೆ ಹೋದ ದಿನ ಬಾಗಿಲಲ್ಲೇ ನಿಲ್ಲಿಸಿ, "ಯಾರು ಬೇಕಾಗಿತ್ತು?" ಅಂದಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು!

ಅಲ್ಲ ಪುಟ್ಟಿ, ಆಗ ಚೀಟಿ ನೋಡಿ ಕರೆದೆಯಲ್ಲ, ಏನಂತ ಕರೆದೆ? "ಬನ್ನಿ ಸರ್." ಸರ್ ಅಂತೆ! ಬೇರೆ ಯಾರನ್ನೋ ಕರೀತಿದ್ದೀಯೇನೋ ಅಂತ ಹಿಂದೆ ತಿರುಗಿ ನೋಡಿದೆ. ಐದು ವರ್ಷ ಒಂದೇ ಲ್ಯಾಬಲ್ಲಿ ಒದ್ದಾಡಿದೀವಿ. "ಅಣ್ಣ, ಐಸ್ ಇದೆಯಾ?" "ಅಣ್ಣ, ಟ್ಯೂಬ್ ಖಾಲಿ." "ಅಣ್ಣ, ಫ್ರೀಜರ್ ಕೂಗ್ತಿದೆ." ದಿನಕ್ಕೆ ನಲವತ್ತು ಸಲ ಅಣ್ಣ ಅಂತಿದ್ದೆ. ಈಗ ಸರ್. ಸರಿ ಬಿಡು. ಕೆಲಸದ ಜಾಗ, ಎಲ್ಲರಿಗೂ ಹಾಗೇ ಅನ್ಬೇಕೇನೋ.

ಸ್ಸ್... ಇಲ್ಲ ಇಲ್ಲ, ನೋವಾಗ್ಲಿಲ್ಲ. ಹಗುರ ಕೈ ನಿಂದು. ಮೊದಲಿಂದ್ಲೂ ಹಗುರ ಕೈನೇ... ಏನು, ಹಾಗೆ ನೋಡ್ತೀಯ? ಗೊತ್ತು, ಗೊತ್ತು. ಲ್ಯಾಬಲ್ಲಿ ನಾನು ಹಾಗೆ ಹೇಳ್ತಿರಲಿಲ್ಲ.

ಮನೆ ಹತ್ತಿರ ರಕ್ತ ತೆಗೆಯೋರು ಇಲ್ವಾ ಅಂತಾನಾ? ಇದ್ದಾರೆ, ಎದುರು ಸಾಲಲ್ಲೇ ಇದ್ದಾರೆ. ಲುಂಗಿ ಉಟ್ಕೊಂಡು ಹೋಗಿ ರಕ್ತ ಕೊಟ್ಟು ಬರಬಹುದು. ಆದ್ರೂ ಎರಡು ಬಸ್ ಬದಲಾಯಿಸಿ, ಖಾಲಿ ಹೊಟ್ಟೇಲಿ, ಇಲ್ಲಿಗೇ ಬಂದೆ. ಯಾಕೆ ಅಂದ್ರೆ... ಸಕ್ಕರೆ ಪರೀಕ್ಷೆ ಅಲ್ವಾ, ಗೊತ್ತಿರೋರ ಕೈಲೇ ಆಗ್ಲಿ ಅಂತ. ಹೊರಗೆ ಆ ಕೆಮ್ಮೋ ಅಜ್ಜಿ ಪಕ್ಕ ಅರ್ಧ ಗಂಟೆ ಕೂತಿದ್ದೆ. ನನ್ನ ನಂಬರು ಬಂದಾಗ, "ನೀವು ಮೊದಲು ಹೋಗಿ" ಅಂತ ಅಜ್ಜೀನೇ ಮುಂದೆ ಕಳಿಸಿದೆ. ಆಮೇಲೆ ಆ ಫೈಲ್ ಹಿಡ್ಕೊಂಡಿದ್ದೋರನ್ನ. ಆಮೇಲೆ ಇನ್ನೊಬ್ಬರನ್ನ. ಎಂಥಾ ದೊಡ್ಡ ಮನಸ್ಸು ಈ ಮನುಷ್ಯಂದು ಅಂದ್ಕೊಂಡಿರ್ತಾರೆ. ನಿಜ ಹೇಳಬೇಕು ಅಂದ್ರೆ, ಕಾಲು ಏಳ್ತಿರಲಿಲ್ಲ.

ಮುಗೀತಾ? ಇಷ್ಟೇನಾ? ಹತ್ತಿ ಒತ್ತಿ ಹಿಡ್ಕೊಂಡೆ. ಎರಡು ನಿಮಿಷ ಕೂತ್ಕೋಬೇಕು ಅಲ್ವಾ? ನಿಯಮ ನಿಯಮಾನೇ. ತಲೆ ಸುತ್ತಿ ನಿನ್ನ ಕೋಣೆಯಲ್ಲಿ ಬಿದ್ದು ಇನ್ನೊಂದು ಅಪವಾದ ನಿನ್ನ ತಲೆಗೆ ಕಟ್ಟೋದು ಬೇಡ... ಛೆ, ತಮಾಷೆಗೆ ಅಂದೆ. ಕೆಟ್ಟ ತಮಾಷೆ. ಬಿಡು.

ಲ್ಯಾಬಾ? ಹಾಗೇ ಇದೆ. ಲ್ಯಾಬ್ ನಡೆಸೋ ದೊಡ್ಡವರು ಇನ್ನೂ ಹಾಗೇ, ಮೀಟಿಂಗಲ್ಲಿ ಕಣ್ಣು ಮುಚ್ಕೊಂಡು ಯೋಚನೆ ಮಾಡ್ತಾರೆ, ಗೊರಕೆ ಬಂದ ಮೇಲೆ ಮೀಟಿಂಗ್ ಮುಗೀತು ಅಂತ ನಾವು ಏಳ್ತೀವಿ. ನಿನ್ನ ಮೇಜಲ್ಲಿ ಈಗ ಹೊಸ ಪ್ರಿಂಟರ್ ಕೂತಿದೆ. ನಾನು? ಶುಕ್ರವಾರ ನಿವೃತ್ತಿ. ಹೌದಮ್ಮ, ಬರೋ ಶುಕ್ರವಾರಾನೇ! ಇವತ್ತು ಮಂಗಳವಾರ ಅಂದ್ರೆ, ಮೂರೇ ದಿನ. ಸಭೆ ಇದೆಯಂತೆ, ಭಾಷಣ ಇದೆಯಂತೆ. ಒಂದು ಫಲಕ ಮಾಡಿಸಿದಾರೆ. ಕದ್ದು ನೋಡ್ದೆ. ಫ್ರೀಜರ್ ಚಿತ್ರ ಕೆತ್ತಿಸಿ ಕೆಳಗೆ, "ಮೈನಸ್ ಎಂಬತ್ತು: ಒಂದೂ ತಪ್ಪಿಲ್ಲದ ಮೂವತ್ತೈದು ವರ್ಷ" ಅಂತ. ನೀವೆಲ್ಲ ನನ್ನ ಬೆನ್ನ ಹಿಂದೆ ಕರೀತಿದ್ದ ಹೆಸರು ಈಗ ಹಿತ್ತಾಳೆ ಮೇಲೆ ಬಂತು. ಮೈನಸ್ ಎಂಬತ್ತು! ಫ್ರೀಜರಿನ ಉಷ್ಣಾಂಶ ಅದು, ನನ್ನ ಮುಖಕ್ಕೂ ಅಷ್ಟೇ ಅಂತ ಇಟ್ರಿ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ? ಒಳಗೊಳಗೆ ಖುಷೀನೇ ಆಗ್ತಿತ್ತು.

ಒಂದೂ ತಪ್ಪಿಲ್ಲದ... ನೋಡು, ನಗು ಬರುತ್ತೆ.

ನಿನ್ನೆ ಆ ಫಲಕದ ವಿಷಯ ಹೇಳಿದಾಗ ನಿಮ್ಮತ್ತಿಗೆ ಮೊದಲ ಸಲ ಕೇಳಿದಳು, "ಅಲ್ರೀ, ಇಷ್ಟು ವರ್ಷ ಆ ಡಬ್ಬದಲ್ಲಿ ಅಂಥದ್ದೇನು ಕಾಯ್ತಿದ್ರಿ?" ಮೂವತ್ತು ವರ್ಷದಲ್ಲಿ ಒಂದು ಸಲ ಕೇಳಿರಲಿಲ್ಲ! ನಾನು ಉಬ್ಬಿಹೋದೆ. ದೊಡ್ಡವರ ಥರ ಕಣ್ಣು ಅರ್ಧ ಮುಚ್ಕೊಂಡು ಶುರು ಮಾಡ್ದೆ. ನೋಡೇ, ನಮ್ಮ ಮೈಯ ಜೀವಕೋಶದ ಹೊರಗೋಡೇಲಿ ಒಂದು ಪ್ರೋಟೀನ್ ಇರುತ್ತೆ, ಅದು ಕರೆಗಂಟೆ ಇದ್ದ ಹಾಗೆ. ಅದನ್ನ ಒತ್ತಿದ್ರೆ ಆ ಕೋಶ ಗಲಾಟೆ ಮಾಡದೆ, ತನ್ನ ಮನೆ ತಾನೇ ಗುಡಿಸಿಕೊಂಡು ಸಾಯುತ್ತೆ. ಕೆಟ್ಟ ಕೋಶ ಹಾಗೆ ಸತ್ರೆ ಒಳ್ಳೇದು. ಆದ್ರೆ ಕೆಲವು ಸಲ ಒಳ್ಳೆ ಕೋಶದ ಗಂಟೇನೂ ಒತ್ತಿ ಹೋಗುತ್ತೆ, ಆಗಲೇ ಕಾಯಿಲೆ. ನಾವು ಕಾಯೋದು ಆಂಟಿಬಾಡಿ. ಆ ಗಂಟೆಗೇ ಹುಡುಕ್ಕೊಂಡು ಹೋಗಿ ಅಂಟಿಕೊಳ್ಳೋ ಅಂಥದ್ದು. ಅದರಲ್ಲಿ ಒಂದು ಬಣ್ಣ ಹೊತ್ಕೊಂಡಿರುತ್ತೆ, ಗಂಟೆ ಎಲ್ಲಿದೆ ಅಂತ ತೋರಿಸುತ್ತೆ. ಇನ್ನೊಂದು ಗಂಟೆ ಮೇಲೆ ಅಂಗೈ ಮುಚ್ಚಿ ಕೂತು, ಯಾರೂ ಒತ್ತದ ಹಾಗೆ ತಡೆಯುತ್ತೆ. ಮತ್ತೊಂದು ಇದೆ, ಅದು ಹೋಗಿ ತಾನೇ ಗಂಟೆ ಒತ್ತಿಬಿಡುತ್ತೆ, ಕೋಶ ಸಾಯುತ್ತೆ.

ಎಷ್ಟು ಚೆನ್ನಾಗಿ ಹೇಳ್ದೆ ಅಲ್ವಾ? ನಿನಗೇ ಹೀಗೆ ಹೇಳಿಕೊಟ್ಟಿರಲಿಲ್ಲ. ಅವಳು ಏನಂದ್ಲು ಗೊತ್ತಾ? "ತಡೆಯೋದು, ಒತ್ತೋದು, ಎರಡೂ ಒಂದೇ ಫ್ರೀಜರಲ್ಲಾ? ಅದಲು ಬದಲು ಆದ್ರೆ?" ಹೊರಗಿನವಳು! ಮೇಜು ಒರೆಸ್ತಾ, ಎರಡು ನಿಮಿಷಕ್ಕೆ ಕೇಳಿಬಿಟ್ಟಳು. ನಾನು ಚಹಾ ಲೋಟ ಅಲ್ಲೇ ಇಟ್ಟು ಎದ್ದೆ.

...ನೀನು ಆ ಟ್ಯೂಬ್ ಮೇಲೆ ಹೆಸರು ಬರೆದು ಮುಗಿಸು, ನಾನು ಕಾಯ್ತೀನಿ.

ಸಾಯಂಕಾಲದ ತನಕ ಸುಮ್ನೆ ಓಡಾಡಿದೆ. ಬೆಳಗ್ಗೆ ಎದ್ದು "ಸಕ್ಕರೆ ನೋಡಿಸ್ಕೊಂಡು ಬರ್ತೀನಿ" ಅಂದೆ. ಇಷ್ಟು ವರ್ಷ ಅವಳು ಬಡ್ಕೊಂಡ್ರೂ ಹೋಗದೇ ಇದ್ದೋನು!

ಪುಟ್ಟಿ, ಒಂದು ವಿಷಯ ಹೇಳ್ತೀನಿ. ನಗ್ತೀಯ ನೋಡು. ಕೊನೇ ವಾರ ಅಲ್ವಾ, ಫ್ರೀಜರನ್ನ ಮುಂದಿನವರಿಗೆ ಒಪ್ಪಿಸಬೇಕಲ್ಲ. ಕಳೆದ ವಾರ ಅದನ್ನ ಖಾಲಿ ಮಾಡಿ, ಒಳಗಿನ ಮಂಜು ಕೆರೀತಾ ಕೂತಿದ್ದೆ. ಕೆಳಗಿನ ಖಾನೆ, ಹಿಂದಿನ ಮೂಲೆ. ಮಂಜಿನೊಳಗೆ ಒಂದು ಸೀಸೆ ಹೂತುಹೋಗಿತ್ತು. ಎತ್ತಿ ಒರೆಸಿ ನೋಡ್ತೀನಿ, ತಡೆಯೋದು! ತಡೆಯೋ ಆಂಟಿಬಾಡಿ. ಸೀಲ್ ಹಾಗೇ ಇದೆ. ಮುಟ್ಟಿಲ್ಲ. ತೆರೆದೇ ಇಲ್ಲ.

ಸೀಲ್ ಹಾಗೇ ಇತ್ತು ಕಣೇ.

ನಿನಗೆ ಬಿಡಿಸಿ ಹೇಳಬೇಕಾ? ಆ ಸೀಸೇನ ನಾನು ಇಪ್ಪತ್ತು ಸಣ್ಣ ಟ್ಯೂಬಿಗೆ ಹಂಚಿ ನಿನಗೆ ಕೊಟ್ಟಿದ್ದೆ ಅಲ್ವಾ? ರಿಜಿಸ್ಟರಲ್ಲಿ ಬರೆದಿದೆ. ನನ್ನ ಕೈಬರಹ, ಅಚ್ಚುಕಟ್ಟಾಗಿ. ಹಂಚಿದ ಸೀಸೆ ಸೀಲ್ ಸಮೇತ ಮೂಲೇಲಿ ಕೂತಿದೆ ಅಂದ್ರೆ, ನಿನಗೆ ಕೊಟ್ಟ ಇಪ್ಪತ್ತು ಟ್ಯೂಬಲ್ಲಿ ಇದ್ದಿದ್ದು ಏನು?

...

ಒತ್ತೋದು. ಹೌದು. ಎರಡೂ ಒಂದೇ ಕಂಪನಿಯಿಂದ ಒಂದೇ ದಿನ ಬಂದಿದ್ದವು. ಒಂದೇ ಮುಚ್ಚಳ, ಒಂದೇ ಬಣ್ಣ. ದಪ್ಪ ಅಕ್ಷರದಲ್ಲಿ ಅದೇ ಪ್ರೋಟೀನಿನ ಹೆಸರು. ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಸಂಖ್ಯೆ, ಅದರಲ್ಲಿ ಕೊನೇದೊಂದು ಅಂಕಿ ಬೇರೆ. ಆ ಅಂಕಿ ಓದೋಕೆ ಕನ್ನಡಕ ಬೇಕಿತ್ತು. ನನ್ನ ಹತ್ತಿರ ಇತ್ತು. ಜೇಬಲ್ಲೇ ಇತ್ತು! ಆರು ತಿಂಗಳಿಂದ ಜೇಬಲ್ಲಿಟ್ಕೊಂಡು ತಿರುಗ್ತಿದ್ದೆ, ಯಾರಾದ್ರೂ ನೋಡಿಯಾರು ಅಂತ ಹಾಕ್ಕೊಳ್ತಿರಲಿಲ್ಲ. ಮೈನಸ್ ಎಂಬತ್ತಿಗೆ ಕಣ್ಣು ಮಂಜಾಯ್ತು ಅಂತ ಆಡ್ಕೊಂಡ್ರೆ? ಏನು ಸುಂದರಾಂಗ! ಐವತ್ತೆಂಟು ವರ್ಷಕ್ಕೆ ಮುಖದ ಮೇಲೆ ಅಷ್ಟು ಮೋಹ.

ಇನ್ನೊಂದು ಇದೆ. ಹಂಚೋವಾಗ ಇಬ್ಬರು ಇರಬೇಕು, ಒಬ್ಬರು ಓದಬೇಕು, ಇನ್ನೊಬ್ಬರು ಸೀಸೆ ನೋಡಿ ಗುರುತು ಹಾಕಬೇಕು. ಆ ನಿಯಮ ಮಾಡಿದ್ದು ಯಾರು? ನಾನೇ. ಗೋಡೆ ಮೇಲೆ ಅಂಟಿಸಿದ್ದು ಯಾರು? ನಾನೇ. ಅವತ್ತು ಒಬ್ಬನೇ ಕೂತು ಮಾಡಿ, ಆಮೇಲೆ ನಿನ್ನ ಮುಂದೆ ರಿಜಿಸ್ಟರ್ ಹಿಡಿದೆ. "ಎರಡನೇ ಸಹಿ ಹಾಕು ಪುಟ್ಟಿ" ಅಂದೆ. "ನೋಡಬೇಕಾ ಅಣ್ಣ?" ಅಂತ ಕೇಳಿದೆ ನೀನು. ನಾನು ಏನಂದೆ, ನೆನಪಿದೆಯಾ? "ನಾನು ಮಾಡಿದ್ದನ್ನ ನೀನು ನೋಡ್ತೀಯಾ?" ಅಂದೆ. ಹುಬ್ಬು ಏರಿಸಿ. ನೀನು ನಕ್ಕು ಸಹಿ ಹಾಕಿದೆ.

ಬೈಯೋದಾದ್ರೂ ಬೈ... ಪರದೆ ಯಾಕೆ ಎಳೀತಿದ್ದೀಯ? ಓ, ಹೊರಗಿನವರು. ಕೇಳಲಿ ಬಿಡು. ಇಲ್ಲ, ಎಳಿ, ಎಳಿ. ಎಳೆದಿದ್ದೇ ಒಳ್ಳೇದಾಯ್ತು.

ನಿನ್ನ ಮೊದಲಿನ ಕೆಲಸ ಸರಿಯಾಗೇ ಇತ್ತು. ಅದನ್ನ ಹೇಳೋಕೆ ಬಂದೆ. ಹಳೇ ಸೀಸೇಲಿ ಮಾಡಿದ್ದು, ಅದು ನಿಜವಾದ ತಡೆಯೋದು. ನೀನು ಪರೀಕ್ಷೆ ಮಾಡ್ತಿದ್ದ ಔಷಧಿ ಹಾಕಿದಾಗ ಸಾಯ್ತಿದ್ದ ಲಿವರ್ ಕೋಶ, ಗಂಟೆ ಮುಚ್ಚಿದ್ರೆ ಹತ್ತಕ್ಕೆ ಒಂಬತ್ತು ಉಳ್ಕೊಂಡವು. ಎಂಥ ಕೆಲಸ ಅದು! ದೊಡ್ಡವರು ಅವತ್ತು ಮೀಟಿಂಗಲ್ಲಿ ಎರಡೂ ಕಣ್ಣು ತೆಗೆದು ಕೂತಿದ್ರು. ವಿಜ್ಞಾನದ ಪತ್ರಿಕೇಲಿ ಬಂತು, ನಿನ್ನ ಹೆಸರು ಮೊದಲು. ಆಮೇಲೆ ಹಳೇ ಸೀಸೆ ಮುಗೀತು, ನನ್ನ ಇಪ್ಪತ್ತು ಟ್ಯೂಬ್ ಬಂತು, ಎಲ್ಲ ಸಾಯೋಕೆ ಶುರುವಾಯ್ತು. ನೀನು ಕೊಡೆ ಹಿಡೀತಿದ್ದೀನಿ ಅಂದ್ಕೊಂಡಿದ್ದೆ ಪಾಪ, ನಾನು ನಿನ್ನ ಕೈಗೆ ನೀರಿನ ಬಕೆಟ್ ಕೊಟ್ಟಿದ್ದೆ.

ನಿನಗೆ ಗೊತ್ತಾಗಿತ್ತು. ಇದೇ ನನ್ನನ್ನ ತಿನ್ನೋದು. ನೀನು ಬಂದು ಹೇಳಿದ್ದೆ, "ಅಣ್ಣ, ಔಷಧಿ ಹಾಕದೇ ಬರೀ ಇದನ್ನ ಹಾಕಿದ್ರೂ ಕೋಶ ಸಾಯ್ತಿದೆ, ಟ್ಯೂಬಲ್ಲೇ ಏನೋ ಇದೆ" ಅಂತ. ಅಷ್ಟು ಸ್ಪಷ್ಟವಾಗಿ! ನಾನು? ನಿನ್ನನ್ನ ನಿಲ್ಲಿಸಿ ಒಂದು ಗಂಟೆ ಕೈ ತೊಳೆಯೋದು ಹೇಗೆ ಅಂತ ಪಾಠ ಮಾಡ್ದೆ. ಬೆರಳ ಸಂದಿ, ಉಗುರ ಸಂದಿ. ಐದು ವರ್ಷ ಕೆಲಸ ಮಾಡಿದವಳಿಗೆ! "ನಿನ್ನ ಕೈ ಸರಿಯಿಲ್ಲ, ಕೋಶಕ್ಕೆ ಅದು ಗೊತ್ತಾಗುತ್ತೆ" ಅಂದೆ. ಆ ಮಾತು ಎಷ್ಟು ಚೆನ್ನಾಗಿತ್ತು ಅಂದ್ರೆ, ದೊಡ್ಡವರು ಅದನ್ನೇ ಎತ್ಕೊಂಡು ಎಲ್ಲರ ಮುಂದೆ ಹೇಳಿದ್ರು. ಆಮೇಲೆ ಕೈಯಿಂದ ಮಾತು ನಿಯತ್ತಿಗೆ ಹೋಯ್ತು. ಈಗ ಬರದೇ ಇರೋ ಫಲಿತಾಂಶ ಮೊದಲು ಹೇಗೆ ಬಂತು? ಕಟ್ಟಿ ಬರೆದಿರಬೇಕು ಅಂತ.

ಹೌದು. ವಿಚಾರಣೆ. ಗೊತ್ತು, ಅದಕ್ಕೇ ಬರ್ತಿದ್ದೀನಿ. ಮೇಜಿನ ಆ ಕಡೆ ಮೂರು ಜನ, ದೊಡ್ಡವರು ಪಕ್ಕದಲ್ಲಿ. ನನ್ನನ್ನ ಸಾಕ್ಷಿಗೆ ಕರೆದ್ರು. ನೀನು ಅವರ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ ಕೇಳಿದೆ, "ಅಣ್ಣ, ಹಂಚೋವಾಗ ಏನಾದ್ರೂ ಹೆಚ್ಚುಕಮ್ಮಿ ಆಗಿರಬಹುದಾ?" ಅಷ್ಟೇ ಕೇಳಿದ್ದು. ನಾನು "ನನ್ನ ಫ್ರೀಜರಲ್ಲಿ ತಪ್ಪಾಗಲ್ಲ" ಅಂದೆ. ಎದೆ ಮುಂದೆ ಮಾಡಿ. ಅವರು ರಿಜಿಸ್ಟರ್ ತಿರುಗಿಸಿ ನೋಡಿದ್ರು, ಎರಡನೇ ಸಹಿ ನಿಂದೇ. ಅಲ್ಲಿಗೆ ಮುಗೀತು.

ನನಗೇನು ಗೊತ್ತಿತ್ತು ಹೇಳು! ನಂಬಿಕೆಯಿಂದಲೇ ಹೇಳ್ದೆ. ಕುರುಡನಾಗಿದ್ದೆ, ದಡ್ಡನಾಗಿದ್ದೆ, ಮೀಸೆ ಬೇರೆ ತಿರುವ್ತಿದ್ದೆ. ಎಲ್ಲಾ ಒಪ್ಕೋತೀನಿ. ಆದ್ರೆ ಸುಳ್ಳ ಆಗಿರಲಿಲ್ಲ. ಕಳೆದ ವಾರ ಆ ಸೀಸೆ ಸಿಕ್ಕಾಗ ಫ್ರೀಜರ್ ಬಾಗಿಲು ಹಿಡ್ಕೊಂಡು ಅಲ್ಲೇ ಕೂತುಬಿಟ್ಟೆ. ಬಾಗಿಲು ತೆಗೆದಿದೆ ಅಂತ ಅದು ಬೇರೆ ಕೂಗ್ತಿತ್ತು.

ಅದಕ್ಕೇ ಕಾಗದ ಬರೆದೆ. ಇಗೋ. ಸಂಸ್ಥೆಯ ನಿರ್ದೇಶಕರಿಗೆ. ನಾಲ್ಕು ಸಲ ಹರಿದು ಹಾಕಿ ಬರೆದಿದ್ದು. ಮೊದಲನೇದರಲ್ಲಿ ನನ್ನ ಸೇವೆ ಬಗ್ಗೇನೇ ಒಂದೂವರೆ ಪುಟ ಇತ್ತು, ನಿನ್ನ ವಿಷಯ ಬರೋ ಹೊತ್ತಿಗೆ ಕಾಗದ ಮುಗಿದಿತ್ತು! ಇದು ಪರವಾಗಿಲ್ಲ. ಓದು. "ಕಳೆದ ವಾರ ಫ್ರೀಜರ್ ಸ್ವಚ್ಛಗೊಳಿಸುವಾಗ ನನ್ನ ಗಮನಕ್ಕೆ ಬಂದದ್ದೇನೆಂದರೆ"... ಅಲ್ಲಿಂದ ಎಲ್ಲ ಇದೆ. ನಿನ್ನ ತಪ್ಪು ಎಳ್ಳಷ್ಟೂ ಇಲ್ಲ ಅಂತ ಇದೆ. ಎರಡನೇ ಸಹಿ ನಾನೇ ಹಾಕಿಸಿದ್ದು ಅಂತಾನೂ ಇದೆ.

ಇದನ್ನ ಯಾಕೆ ನಿನ್ನ ಹತ್ತಿರ ತಂದೆ ಅಂತೀಯಾ? ನೇರ ನಿರ್ದೇಶಕರಿಗೆ ಕೊಡಬಹುದಿತ್ತು. ಹೌದು... ಹೌದು. ವಿಷಯ ಏನು ಅಂದ್ರೆ, ಪತ್ರಿಕೆಯವರು ನಿನ್ನ ಲೇಖನ ವಾಪಸ್ ತಗೊಳ್ತಿದ್ದಾರೆ. ಒಂದೂವರೆ ವರ್ಷ ತೂಕಡಿಸಿ ಈಗ ಎದ್ದಿದ್ದಾರೆ. ನಿನಗೂ ಬಂತಾ ಓಲೆ? ಬಂದಿರಬೇಕು. ಗುರುವಾರ ಪ್ರಕಟ ಆಗುತ್ತೆ. ನಿನ್ನ ಹೆಸರು, ಕೆಳಗೆ "ಫಲಿತಾಂಶ ನಂಬಲರ್ಹವಲ್ಲ" ಅಂತ. ಒಂದು ಸಲ ಬಂತು ಅಂದ್ರೆ ಆಮೇಲೆ ಯಾವ ಲ್ಯಾಬೂ ನಿನ್ನ ಬಾಗಿಲೊಳಗೆ ಬಿಡಲ್ಲ, ಎಲ್ಲಿ ಹುಡುಕಿದ್ರೂ ಅದೇ ಮೊದಲು ಕಾಣೋದು. ಈ ಕಾಗದ ನಾಳೆ ಒಳಗೆ ಹೋದ್ರೆ ನಿಲ್ಲುತ್ತೆ.

ಶುಕ್ರವಾರ ನನ್ನ ಸಭೆ.

ಗುರುವಾರಕ್ಕೂ ಶುಕ್ರವಾರಕ್ಕೂ ಒಂದೇ ದಿನ ನೋಡು ವ್ಯತ್ಯಾಸ. ಒಂದೇ ದಿನ! ನಾನು ಯೋಚನೆ ಮಾಡ್ದೆ... ಅಂದ್ರೆ, ತಲೆಗೆ ಬಂತು, ಅಷ್ಟೇ. ಸೋಮವಾರ ಕೊಟ್ರೆ? ಆಮೇಲೂ ತಿದ್ದುಪಡಿ ಅಂತ ಹಾಕ್ತಾರಂತೆ, ಸಣ್ಣ ಅಕ್ಷರದಲ್ಲಿ. ನಿಮ್ಮತ್ತಿಗೆ ಹೊಸ ಸೀರೆ ತಗೊಂಡಿದ್ದಾಳೆ. ತಂಗಿ ಮನೆಯವರೆಲ್ಲ ಬರ್ತಾರೆ. ಅವರ ಮುಂದೆ ಒಂದು ಸಲ, ಒಂದೇ ಸಲ, ಆ ಫಲಕ ಹಿಡ್ಕೊಂಡು ನಿಂತ್ಕೊಂಡ್ರೆ... ನೀನು "ಪರವಾಗಿಲ್ಲ ಅಣ್ಣ, ಸೋಮವಾರಾನೇ ಕೊಡಿ" ಅಂದ್ರೆ... ನೀನು ಅಂದ್ರೆ ಮಾತ್ರ!

ನೋಡಿದೆಯಾ ಎಂಥಾ ಗಿರಾಕಿ? ಕ್ಷಮೆ ಕೇಳೋಕೆ ಬಂದು ರಜಾ ಚೀಟಿ ಕೇಳ್ತಿದ್ದೀನಿ.

ಸರಿ, ಓದು. ನಿಧಾನಕ್ಕೆ ಓದು. ಹಿಂದೆ ಇನ್ನೊಂದು ಹಾಳೆ ಲಗತ್ತಿಸಿದ್ದೀನಿ, ಬರೀ ನನ್ನ ಬಾಯಿಮಾತು ಅಂತ ಆಗಬಾರದಲ್ಲ. ನಿನ್ನ ಟ್ಯೂಬ್ ಒಂದು ಉಳ್ಕೊಂಡಿತ್ತು, ಅದನ್ನ ಆರೋಗ್ಯವಾಗಿರೋ ಕೋಶಕ್ಕೆ ಹಾಕಿ, ಬಣ್ಣ ಕೊಟ್ಟು, ಮಷೀನಲ್ಲಿ ಎಣಿಸ್ದೆ. ಗ್ರಾಫಲ್ಲಿ ಎಡಗಡೆ ಗುಡ್ಡ ಬದುಕಿರೋದು, ಬಲಗಡೆ ಸತ್ತಿರೋದು. ನಿನಗೆ ಹೇಳ್ಬೇಕಾ! ನೋಡು, ಎಡಗಡೆ ಗುಡ್ಡಾನೇ ಇಲ್ಲ. ಒಂದು ನೋಟಕ್ಕೆ ಯಾರಿಗಾದ್ರೂ ಗೊತ್ತಾಗುತ್ತೆ, ಇದು ಒತ್ತೋದೇ ಅಂತ. ಇದಕ್ಕಿಂತ ಸಾಕ್ಷಿ ಬೇಡ.

ಗೊತ್ತಾಯ್ತು ತಾನೇ?

...ಪುಟ್ಟಿ?

ಎಷ್ಟು ಹೊತ್ತು ನೋಡ್ತೀಯ? ಗ್ರಾಫ್ ಇರೋದು ಹಾಳೆ ನಡುವೆ. ಆ ಮೂಲೇಲಿ ಏನೂ ಇಲ್ಲ, ಅದು ಮಷೀನ್ ತಾನಾಗೇ ಹಾಕೋ... ಸಂಖ್ಯೆ. ಕೊಡು ಇಲ್ಲಿ, ಹಾಳೆ ಕೊಡು. ಸುಕ್ಕಾಗುತ್ತೆ. ...ಸರಿ, ಇಟ್ಕೋ. ನೀನೇ ಇಟ್ಕೋ.

ಆ ಮಷೀನ್ ಗಡಿಯಾರ ಯಾವಾಗ್ಲೂ ತಪ್ಪೇ. ನಿನಗೂ ಗೊತ್ತಲ್ಲ, ಕರೆಂಟ್ ಹೋಗಿ ಬಂದ್ರೆ ತಾರೀಖು ಹಿಂದೆ ಹೋಗುತ್ತೆ. ಒಂದೂವರೆ ವರ್ಷ ಹಿಂದೆ... ಹೋಗಿರಬಹುದು. ಹೋಗಲ್ವಾ? ಪ್ರತಿ ಸೋಮವಾರ ಬೆಳಗ್ಗೆ ಅದರ ಗಡಿಯಾರ ಸರಿ ಮಾಡೋದು... ಹೌದು, ನಾನೇ. ಒಂದು ನಿಮಿಷ ಹೆಚ್ಚುಕಮ್ಮಿ ಆದ್ರೂ ನಿಮಗೆಲ್ಲ ಬೈತಿದ್ದೋನು ನಾನೇ.

ಬೇಡ ಮಾರಾಯ್ತಿ. ಹೀಗೆ ನೋಡ್ಬೇಡ. ಅವತ್ತು ವಿಚಾರಣೇಲೂ ಹೀಗೇ ನೋಡಿದ್ದೆ, ಕೋಪ ಇಲ್ಲ, ಅಳು ಇಲ್ಲ. ಅಣ್ಣ ಈಗ ಹೇಳ್ತಾರೆ, ಈಗ ಹೇಳ್ತಾರೆ ಅನ್ನೋ ಹಾಗೆ.

ಎಂಟನೇ ತಾರೀಖು. ಓದಿದೆಯಲ್ಲ, ನಾನೇನು ಹೇಳೋದು. ಎಂಟನೇ ತಾರೀಖು, ಭಾನುವಾರ. ವಿಚಾರಣೆ ನಡೆದಿದ್ದು ಹದಿನೇಳಕ್ಕೆ.

ಒಂಬತ್ತು ದಿನ.

ಕಳೆದ ವಾರ ಅಲ್ಲ. ಕಳೆದ ವಾರ ನಾನು ಫ್ರೀಜರ್ ಕೆರೆದಿದ್ದು ನಿಜ, ಆ ಸೀಸೆ ಅಲ್ಲೇ ಇತ್ತು, ಯಾಕಂದ್ರೆ ಅಲ್ಲಿ ಹೂತಿಟ್ಟಿದ್ದು ನಾನೇ. ನೀನು "ಟ್ಯೂಬಲ್ಲೇ ಏನೋ ಇದೆ" ಅಂದೆಯಲ್ಲ, ಆ ಪಾಠ ಮಾಡಿ ಮನೆಗೆ ಹೋದೆ, ನಿನ್ನ ಮಾತು ತಲೆ ಬಿಟ್ಟು ಹೋಗಲಿಲ್ಲ. ಭಾನುವಾರ ಯಾರೂ ಇಲ್ಲದಾಗ ಬಂದೆ. ಕನ್ನಡಕ ಹಾಕ್ಕೊಂಡು, ಬಾಗಿಲು ಹಾಕ್ಕೊಂಡು, ಎಲ್ಲ ಸೀಸೇನೂ ಓದ್ದೆ. ಸೀಲ್ ಒಡೀದೇ ಇರೋದು ಸಿಕ್ತು. ಸಾಯಂಕಾಲದ ಹೊತ್ತಿಗೆ ಈ ಹಾಳೆ ಕೈಲಿತ್ತು. ನಾಳೆ ಬೆಳಗ್ಗೆ ಮೊದಲು ನಿನಗೇ ಹೇಳ್ತೀನಿ ಅಂದ್ಕೊಂಡೆ. ನಿಜವಾಗ್ಲೂ ಅಂದ್ಕೊಂಡೆ. ಸೋಮವಾರ ನೀನು ಬಂದೆ, "ಅಣ್ಣ, ಐಸ್ ಇದೆಯಾ?" ಅಂದೆ. ಇದೆ ಅಂದೆ. ಅಷ್ಟೇ. ಮಂಗಳವಾರ ಇನ್ನೂ ಕಷ್ಟ ಆಯ್ತು. ಬುಧವಾರ ಹೇಳಿದ್ರೆ, ನಿನ್ನೆ ಯಾಕೆ ಹೇಳಲಿಲ್ಲ ಅಂತ ಕೇಳ್ತಾರೆ ಅನ್ನಿಸ್ತು. ಹಾಗೇ... ದಿನ ಹೋಗ್ತಾ ಹೋಗ್ತಾ ತಪ್ಪಿಗಿಂತ ಮುಚ್ಚಿಟ್ಟಿದ್ದೇ ದೊಡ್ಡದಾಯ್ತು. ಉಳಿದ ಟ್ಯೂಬೆಲ್ಲ ಎಸೆದೆ. ಹೌದು, ಎಸೆದೆ. ಬೇರೆ ಯಾರೂ ಪರೀಕ್ಷೆ ಮಾಡಬಾರದು ಅಂತ. ಹಾಳೆ ಒಂದು ಹರಿಯೋಕೆ ಆಗಲಿಲ್ಲ, ಯಾಕೋ.

ಹದಿನೇಳಕ್ಕೆ ನೀನು ಎಲ್ಲರ ಮುಂದೆ ಕೇಳಿದಾಗ ಈ ಹಾಳೆ ನನ್ನ ಅಂಗಿ ಜೇಬಲ್ಲಿತ್ತು. ಹೇಳೋಣ ಅಂತಾನೇ ತಂದಿದ್ದೆ. ಮಡಚಿ ಇಟ್ಟಿದ್ದು ಎದೆಗೆ ಚುಚ್ತಾ ಇತ್ತು. ಬಾಯಿ ತೆಗೆದೆ, ಬಂದಿದ್ದು ಬೇರೆ ಮಾತು.

ನೀನು ಹೊರಟ ದಿನ ಪೆಟ್ಟಿಗೆಗೆ ಟೇಪ್ ಸುತ್ತಿಕೊಟ್ಟಿದ್ದು ನಾನೇ. "ಎಲ್ಲಿದ್ರೂ ಚೆನ್ನಾಗಿರು" ಅಂದೆ. ನಿನಗೆ ಕಣ್ಣಲ್ಲಿ ನೀರು ಬಂತು, "ನೀವೊಬ್ಬರೇ ಅಣ್ಣ ನನ್ನ ಜೊತೆ ಮಾತಾಡಿದ್ದು" ಅಂದೆ. ಆ ಮಾತು ತಗೊಂಡು ಒಂದೂವರೆ ವರ್ಷ ಬದುಕಿದೆ ನೋಡು. ಥೂ.

ದಡ್ಡ ಅಂತ ಹೇಳ್ಕೊಂಡು ಬಂದೆ ಇಲ್ಲಿ ತನಕ. ಕುರುಡ ಅಂದೆ, ಸುಂದರಾಂಗ ಅಂದೆ. ನೀನು ನಗಲಿ ಅಂತ. ನಕ್ಕರೆ ಈ ಕಡೆ ನೋಡಲ್ಲ ಅಂತ. ದಡ್ಡನ ತಪ್ಪನ್ನ ಯಾರು ಬೇಕಾದ್ರೂ ಹೊಟ್ಟೆಗೆ ಹಾಕ್ಕೋತಾರೆ.

ಯಾರೋ ಕೆಮ್ಮೋದು ಕೇಳ್ತಿದೆ. ಹೊರಗೆ ತುಂಬ ಜನ ಸೇರಿರಬೇಕು, ನೀನು ಕರಿ. ನಾನು ಹೊರಗಡೆ ಬೆಂಚಲ್ಲಿ ಕೂತು ಈ ಮೊದಲನೇ ಸಾಲು ತಿದ್ದಿ, ಚೊಕ್ಕವಾಗಿ ಬರೆದು, ನೇರ ನಿರ್ದೇಶಕರ ಹತ್ತಿರ...

ಏನು? ಪೆನ್ನಾ?

ಇಲ್ಲೇನಾ? ನಿನ್ನ ಮುಂದೇನೇ ಬರೀಬೇಕಾ? ಹೊರಗೆ ಹೋದ್ರೆ ಬರೆಯಲ್ಲ ಅಂತಾನಾ? ...ಅಲ್ಲ, ಸರಿ. ನೀನು ಹೇಳೋದು ಸರಿ. ಹೇಳಲಿಲ್ಲ ನೀನು, ಆದ್ರೂ ಸರಿ.

ಹಾಳೆ ಒಂದು ಕೊಡು, ಬರೆಯದೇ ಇರೋದು. ಹ್ಞಾಂ, ಸಾಕು. ತೊಡೆ ಮೇಲಿಟ್ಟು ಬರೆದ್ರೆ ಅಕ್ಷರ ಚೆನ್ನಾಗಿರಲ್ಲ, ಅಡ್ಡಿಯಿಲ್ಲ.

ತಾರೀಖಿಂದಲೇ ಶುರು ಮಾಡ್ತೀನಿ.